ದೋಣಿಯಲ್ಲಿ ಎದ್ದು ನಿಂತವರು

ನಮ್ಮ ಕುದ್ರುವಿಗೆ ಸೇತುವೆ ಇಲ್ಲದಿದ್ದ ಕಾಲದಲ್ಲಿ ಹೊರಗಿನಿಂದ ಬರುವ ಎಲ್ಲವೂ ದೋಣಿಯಲ್ಲೇ ಬರಬೇಕಿತ್ತು. ಸೀಮೆಎಣ್ಣೆ, ಬೀಡಿಯ ಎಲೆ, ಮದುವೆಯಾಗಿ ಬರುವ ಹೆಣ್ಣು, ಬೊಂಬಾಯಿಯ ಹೋಟೆಲಿನಲ್ಲಿದ್ದ ಅಪ್ಪನ ಕಾಗದ, ಓಟು ಕೇಳುವವರು. ಕುದ್ರು ಎಂದರೆ ಹೊಳೆಯ ನಡುವಿನ ನೆಲ. ಹೂಡೆಯ ಕಡೆಗೆ ಅಂಥವು ಹಲವಿವೆ. ನಮ್ಮದರಲ್ಲಿ ಮೂವತ್ತೆಂಟು ಮನೆಗಳಿದ್ದವು. ಆಚೆ ದಡ ಸೇರಿದರೆ ಬಸ್ಸು ತಿರುಗುವ ಜಾಗ. ಅಲ್ಲಿಂದ ಸಂತೆಕಟ್ಟೆ, ಮುಂದೆ ಉಡುಪಿ.

ನಾನು ಏಳನೆಯ ತರಗತಿಯಲ್ಲಿದ್ದ ವರ್ಷ, ಮಳೆ ಹಿಂದೆ ಸರಿದ ಮೇಲಿನ ಎರಡು ತಿಂಗಳಲ್ಲಿ ನಡೆದ ಸಂಗತಿ ಇದು. ಇಷ್ಟು ವರ್ಷ ಹೇಳಿರಲಿಲ್ಲ. ಈಗ ಏಕೆ ಹೇಳಬಹುದು ಎಂಬುದು ಅದರ ಜಾಗದಲ್ಲಿ ಬರುತ್ತದೆ. ಕಾರ್ಕಳದ ಕೋರ್ಟಿನಲ್ಲಿ ಇಪ್ಪತ್ತೇಳು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದ್ದೇನೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಆ ತಿಂಗಳುಗಳಲ್ಲಿ ಕುದ್ರುವಿಗೆ ಒಂದೇ ವಾಸನೆ. ಹಗ್ಗ ಹೊಸೆಯಲೆಂದು ದಡದ ಹೊಂಡಗಳಲ್ಲಿ ನೆನೆಹಾಕಿದ ತೆಂಗಿನ ಸಿಪ್ಪೆ ಕೊಳೆತು ಅಂಚಿನ ನೀರು ಕಪ್ಪಾಗಿರುತ್ತಿತ್ತು. ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದೊಂದು ವಾಸನೆಯೆಂದೇ ಗೊತ್ತಿರಲಿಲ್ಲ. ನೀರು ಇಳಿದ ಹೊತ್ತಿನಲ್ಲಿ ನಾವು ಮಕ್ಕಳು ಮೊಣಕಾಲಿನವರೆಗೆ ಹೊಳೆಗಿಳಿದು, ಕಾಲ್ಬೆರಳುಗಳಿಂದ ಕೆಸರು ತಡಕಿ, ಚಿಪ್ಪಿನ ಮರುವಾಯಿ ಹೆಕ್ಕುತ್ತಿದ್ದೆವು. ಅಮ್ಮ ಅದಕ್ಕೆ ತೆಂಗಿನ ತುರಿ ಹಾಕಿ ಸುಕ್ಕ ಮಾಡಿದರೆ ಕುಚ್ಚಲಕ್ಕಿಯ ಗಂಜಿ ಎರಡು ಬಟ್ಟಲು ಇಳಿಯುತ್ತಿತ್ತು.

ಆ ವರ್ಷ ಚುನಾವಣೆ. ನಮ್ಮ ಆಟವೂ ಅದೇ ಆಗಿತ್ತು. ತೆಂಗಿನ ಗೆರಟೆಗೆ ಹಗ್ಗ ಕಟ್ಟಿದರೆ ಮೈಕು, ಮಗುಚಿದ ಬುಟ್ಟಿ ಹತ್ತಿದರೆ ಜೀಪು. ಅರ್ಧ ಮಕ್ಕಳು ದೂಮಪ್ಪ ಮಾಸ್ಟ್ರ ಕಡೆ, ಅರ್ಧ ಜಗ್ಗಣ್ಣನ ಕಡೆ. ಜಗ್ಗಣ್ಣನ ಕಡೆಯವರಿಗೆ ನಿಜವಾದ ಬ್ಯಾಡ್ಜು ಇತ್ತು, ಪೆಪ್ಪರಮೆಂಟು ಸಿಗುತ್ತಿತ್ತು. ಮಾಸ್ಟ್ರ ಕಡೆಯಿಂದ ಏನೂ ಸಿಗುತ್ತಿರಲಿಲ್ಲ. ಆದರೂ ನಾನು ಮಾಸ್ಟ್ರ ಕಡೆ.

ದೂಮಪ್ಪ ಮಾಸ್ಟ್ರು ಎರಡು ಸಲ ಗೆದ್ದ ಶಾಸಕರು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಆಚೆ ದಡದ ಶಾಲೆಯಲ್ಲಿ ಕಲಿಸಿದವರು. ಕುದ್ರುವಿನಲ್ಲಿ ಹೆಸರು ಬರೆಯಬಲ್ಲವರೆಲ್ಲ ಅವರ ಮುಂದೆ ಕೈಕಟ್ಟಿ ಕೂತವರು. ಉಳುವವನಿಗೆ ಭೂಮಿ ಎಂಬ ಕಾಯಿದೆ ಬಂದಾಗ ಮೂವತ್ತೆಂಟು ಮನೆಗಳ ಅರ್ಜಿಯನ್ನೂ ಅವರೇ ಕೂತು ತುಂಬಿಸಿದ್ದರಂತೆ. ಸುಳ್ಳು ಹೇಳಿದವರನ್ನು ಅವರು ಹೊಡೆಯುತ್ತಿರಲಿಲ್ಲ, ಒಂದು ವಾರ ಮಾತಾಡಿಸುತ್ತಿರಲಿಲ್ಲ. ಅದು ಹೊಡೆತಕ್ಕಿಂತ ಕಷ್ಟವೆಂದು ಅಮ್ಮ ಹೇಳುತ್ತಿದ್ದರು.

ಜಗ್ಗಣ್ಣ ಕಾಪುವಿನವರು. ಲಾರಿಯ ಕ್ಲೀನರ್ ಆಗಿ ಹೊರಟು ನಾಲ್ಕು ಬಸ್ಸಿನ ಧಣಿಯಾದವರು. ಎರಡು ಪಕ್ಷ ಬಿಟ್ಟು ಮೂರನೆಯದರಿಂದ ನಿಂತಿದ್ದರು. ಎದುರಿಗೆ ಸಿಕ್ಕಿದವರ ಹೆಸರು, ಅವರ ಮಗಳನ್ನು ಕೊಟ್ಟ ಊರು, ಅವರ ಎಮ್ಮೆಯ ಕಾಯಿಲೆ ಎಲ್ಲವೂ ಅವರಿಗೆ ನೆನಪಿರುತ್ತಿತ್ತು.

ನಮ್ಮ ಜಗಲಿಯಲ್ಲಿ ಅಮ್ಮ ಬೀಡಿ ಕಟ್ಟುತ್ತ ಕೂತಿರುವಾಗ ನೆರೆಯ ಲಿಲ್ಲಿ ಬಾಯಿ ಬರುತ್ತಿದ್ದರು. ಕೊಂಕಣಿ ಮಾತಿನ ಕ್ರಿಶ್ಚಿಯನ್ ಹೆಂಗಸು, ವಯಸ್ಸು ಅರವತ್ತರ ಹತ್ತಿರ. ಬಸಳೆ, ಹರಿವೆ ಬೆಳೆಸಿ ಭಾನುವಾರದ ಸಂತೆಗೆ ಕೊಂಡುಹೋಗುತ್ತಿದ್ದರು. ಅವರು ಜಗ್ಗಣ್ಣನ ಪಕ್ಷ.

"ನಿನ್ನ ಮಾಸ್ಟ್ರು ಎಂತ ಮಾಡಿದ್ದಾರೆ, ಹೇಳು ನೋಡುವ," ಎಂದು ಅವರು ಶುರುಮಾಡುತ್ತಿದ್ದರು.

"ನಿನ್ನ ಮನೆ ಇರುವ ಜಾಗ ಯಾರದ್ದು? ನಿನ್ನದೇ ಅಲ್ವಾ? ಅದು ಯಾರು ಮಾಡಿಸಿಕೊಟ್ಟದ್ದು?" ಎನ್ನುತ್ತಿದ್ದರು ಅಮ್ಮ, ಬೀಡಿಯಿಂದ ಕಣ್ಣೆತ್ತದೆ.

"ಜಾಗ ಉಂಟು ಮಾರಾಯ್ತಿ. ಜಾಗದಿಂದ ಹೊರಗೆ ಹೋಗ್ಲಿಕ್ಕೆ ದಾರಿ ಬೇಡ್ವಾ? ಜಗ್ಗಣ್ಣ ಸೇತುವೆ ಮಾಡಿಸ್ತೇನೆ ಅಂತ ಹೇಳಿದ್ದಾನೆ."

"ಅವನು ಹೇಳುವುದು! ಅವನ ಬಸ್ಸಿನ ಬೋರ್ಡಿನಲ್ಲಿ ಏಳೂವರೆ, ಬರುವುದು ಎಂಟಕ್ಕೆ."

"ಎಂಟಕ್ಕಾದ್ರೂ ಬರ್ತದಲ್ವಾ? ನಿನ್ನ ಮಾಸ್ಟ್ರ ಭಾಷಣ ಹತ್ತಿ ಸಂತೆಗೆ ಹೋಗ್ಲಿಕ್ಕೆ ಆಗ್ತದಾ?"

ಅಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ. ಕಟ್ಟುತ್ತಿದ್ದ ಬೀಡಿ ಬಿಚ್ಚಿಹೋಗುತ್ತಿತ್ತು.

ದೋಣಿ ನಡೆಸುತ್ತಿದ್ದವರು ಸಂಜೀವಣ್ಣ. ಅವರ ಮನೆ ನಮ್ಮ ಬೇಲಿಯ ಆಚೆ. ಕಡವಿನ, ಎಂದರೆ ದೋಣಿಯಲ್ಲಿ ಜನರನ್ನು ದಾಟಿಸುವ, ಹಕ್ಕನ್ನು ಪಂಚಾಯತಿ ವರ್ಷವರ್ಷವೂ ಬರೆದುಕೊಡುತ್ತಿತ್ತು. ಅವರಿಗಿಂತ ಮೊದಲು ಅವರ ಅಪ್ಪನಿಗೂ ಕೊಟ್ಟಿತ್ತು. ದಡದ ಕಂಬದಲ್ಲಿ ಒಂದು ತಗಡಿನ ಫಲಕವಿತ್ತು: ಹನ್ನೆರಡು ಜನರಿಗೆ ಮಾತ್ರ. ಸಂತೆಯ ದಿನ ಹದಿನೆಂಟು, ಇಪ್ಪತ್ತು ಜನ ಹತ್ತುತ್ತಿದ್ದರು. ಇದು ಪಂಚಾಯತಿಗೂ ಗೊತ್ತಿತ್ತು. ಸಂಜೀವಣ್ಣ ಒಂದು ವಿಷಯದಲ್ಲಿ ಮಾತ್ರ ಬಿಡುತ್ತಿರಲಿಲ್ಲ. ಯಾರಾದರೂ ಎದ್ದರೆ ಬಿದಿರಿನ ಗಳದಿಂದ ಮೊಣಕಾಲಿಗೆ ತಟ್ಟುತ್ತಿದ್ದರು. "ಕೂತ್ಕೊಳ್ಳಿ, ಇದು ಜಗ್ಗಣ್ಣನ ಬಸ್ಸಲ್ಲ."

ಆ ಭಾನುವಾರ ಬೆಳಿಗ್ಗೆ ನಾನು ಲಿಲ್ಲಿ ಬಾಯಿಯ ಜೊತೆ ಸಂತೆಗೆ ಹೊರಟಿದ್ದೆ. ಅವರ ಎರಡನೆಯ ಬುಟ್ಟಿ ಹೊರುವ ಕೆಲಸ ನನ್ನದು. ಅದಕ್ಕೆ ಸಂತೆಯಲ್ಲಿ ಒಂದು ಪೊಟ್ಟಣ ಚರುಮುರಿ. ನಾವಿಬ್ಬರೂ ದೋಣಿಯ ಹಿಂಬದಿಯಲ್ಲಿ, ಕುದ್ರುವಿನ ಕಡೆಗೆ ಮುಖಮಾಡಿ ಕೂತಿದ್ದೆವು. ಬಸಳೆಯ ಬುಟ್ಟಿ ಅವರ ಮಡಿಲಲ್ಲಿತ್ತು. ನಾನು ತಲೆ ಎಣಿಸಿದ್ದೆ, ಹದಿನೆಂಟು. ಸಂಜೀವಣ್ಣನನ್ನು ಸೇರಿಸಿರಲಿಲ್ಲ.

ದೋಣಿ ದಡ ಬಿಟ್ಟು ಮೂರು ನಾಲ್ಕು ಮಾರು ಹೋಗಿತ್ತು. ಆಗ ತೆಂಗಿನ ಸಾಲಿನ ನಡುವಿನಿಂದ ಮಾಸ್ಟ್ರು ಬಂದರು. ಬೆಳಕು ಹರಿಯುವ ಮೊದಲೇ ಬಂದು ಮನೆ ಮನೆಗೆ ಹೋಗಿ ಓಟು ಕೇಳಿ ಹಿಂದಿರುಗುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಮಡಚಿದ ಕೊಡೆ. ಜೊತೆಗಿದ್ದವನೊಬ್ಬ ಕೂಗಿದ:

"ಓ ಸಂಜೀವಾ, ತಿರುಗಿಸು! ಮಾಸ್ಟ್ರು ಬಂದಿದ್ದಾರೆ. ಒಂಬತ್ತಕ್ಕೆ ಉಡುಪಿಯಲ್ಲಿ ಸಭೆ ಉಂಟು!"

"ತುಂಬಿದೆ," ಎಂದರು ಸಂಜೀವಣ್ಣ. "ಇವರನ್ನು ಬಿಟ್ಟು ಬರ್ತೇನೆ. ಹತ್ತು ನಿಮಿಷ."

ದೋಣಿಯೊಳಗಿನವರು ಒಪ್ಪಲಿಲ್ಲ. "ಎಂತ ಸಂಜೀವಾ, ಮಾಸ್ಟ್ರನ್ನು ದಡದಲ್ಲಿ ನಿಲ್ಲಿಸಿ ನಾವು ಕೂತು ಹೋಗುವುದಾ?" ಎಂದರು ಒಬ್ಬರು. "ತಿರುಗಿಸು ಮಾರಾಯ, ನಾಚಿಕೆ ಆಗ್ತದೆ," ಎಂದರು ಇನ್ನೊಬ್ಬರು.

ಲಿಲ್ಲಿ ಬಾಯಿ ಒಬ್ಬರೇ ಬೇಡ ಎಂದದ್ದು. "ನಿಲ್ಲಲಿ ಬಿಡಿ ಮಾರಾಯ್ರೆ, ಅವರೇನು ಬಾಡಿಹೋಗ್ತಾರಾ? ನನ್ನ ಬಸಳೆ ಬಾಡ್ತದೆ."

ಎಲ್ಲರೂ ನಕ್ಕರು. ಸಂಜೀವಣ್ಣ ಗಳ ಒತ್ತಿ ದೋಣಿಯನ್ನು ಹಿಂದಕ್ಕೆ ತಂದರು.

ಈ ಹೊತ್ತಿನಲ್ಲಿ ನಾನು ಮಾಸ್ಟ್ರ ಮುಖವನ್ನೇ ನೋಡುತ್ತಿದ್ದೆ. ಅವರು ದೋಣಿಯನ್ನು ಕರೆಯಲಿಲ್ಲ. ಕೈ ಬೀಸಲಿಲ್ಲ. "ಬೇಡ, ನೀವು ಹೋಗಿ" ಎಂದೂ ಹೇಳಲಿಲ್ಲ. ಸುಮ್ಮನೆ ನಿಂತಿದ್ದರು.

ದೋಣಿಯ ಹಿಂಬದಿ ಕೆಸರಿಗೆ ತಾಗಿತು. ಮಾಸ್ಟ್ರು ಪಂಚೆಯನ್ನು ಸ್ವಲ್ಪ ಎತ್ತಿ ಬಲಗಾಲನ್ನು ಒಳಗಿಟ್ಟರು. ನಾನು ಎದ್ದು ನಿಂತೆ.

ಎಲ್ಲರಿಗಿಂತ ಮೊದಲು ಎದ್ದವಳು ನಾನು. ಶಾಲೆಯಲ್ಲಿ ನಾನು ಕ್ಲಾಸಿನ ಲೀಡರ್. ಯಾರು ಬಂದರೂ ಮೊದಲು ಏಳುವುದು ನನ್ನ ಕೆಲಸವಾಗಿತ್ತು. "ನಮಸ್ತೇ ಸಾರ್" ಎಂಬ ಮಾತೂ ಬಾಯಿಂದ ಬಂತು. ನನ್ನ ಹಿಂದೆ ಇಡೀ ದೋಣಿ ಎದ್ದಿತು. ಅವರಲ್ಲಿ ಗಂಡಸರಿದ್ದರು, ಮೊಮ್ಮಕ್ಕಳನ್ನು ಕಂಡವರಿದ್ದರು. ಎಲ್ಲರೂ ಒಂದು ಕಾಲದಲ್ಲಿ ಅದೇ ಮನುಷ್ಯ ಒಳಗೆ ಬಂದಾಗ ಬೆಂಚಿನಿಂದ ಎದ್ದವರು. ಶಾಲೆಗೆ ಹೋಗದ ಲಿಲ್ಲಿ ಬಾಯಿ ಮಾತ್ರ ಬುಟ್ಟಿ ಹಿಡಿದು ಕೂತೇ ಇದ್ದರು.

ಮಾಸ್ಟ್ರು ಎಡಗೈಯನ್ನು ಅಂಗೈ ಕೆಳಗಾಗಿ ಆಡಿಸಿ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ದೋಣಿಯ ಒಂದು ಅಂಚು ನೀರಿಗೆ ತಾಗಿತ್ತು.

ನೀರಿನೊಳಗೆ ಎಷ್ಟು ಹೊತ್ತು ಇದ್ದೆನೋ ಹೇಳಲಾರೆ. ಸಿಪ್ಪೆಯ ಕಪ್ಪು ನೀರು ಮೂಗಿನೊಳಗೆ ಹೋಯಿತು. ಅದು ದುರ್ವಾಸನೆ ಎಂದು ಗೊತ್ತಾದದ್ದು ಆಗಲೇ. ಯಾರೋ ನನ್ನ ಜಡೆ ಹಿಡಿದು ಎಳೆದರು. ಮೇಲೆ ಬಂದು ನೋಡಿದರೆ ಮಾಸ್ಟ್ರು. ಕಡವಿನಲ್ಲಿ ಹೊಳೆ ದಡದಿಂದಲೇ ಆಳ; ಎದೆಯವರೆಗಿನ ನೀರಿನಲ್ಲಿ ನಿಂತಿದ್ದರು. ಕನ್ನಡಕ ಇರಲಿಲ್ಲ. ನನ್ನನ್ನು ದಡಕ್ಕೆ ನೂಕಿ ಮತ್ತೆ ತಿರುಗಿದರು. ಇನ್ನೂ ಮೂವರನ್ನು ಅವರೇ ಎತ್ತಿದ್ದನ್ನು ಕಂಡಿದ್ದೇನೆ.

ಎದ್ದು ನಿಂತವರೆಲ್ಲ ಹೊರಗೆ ಚೆಲ್ಲಿಹೋಗಿದ್ದರು. ಕೂತೇ ಇದ್ದ ಒಬ್ಬರ ಮೇಲೆ ದೋಣಿ ಮಗುಚಿತ್ತು. ಸಂಜೀವಣ್ಣ ಮತ್ತು ನಾಲ್ಕೈದು ಜನ ಸೇರಿ ದೋಣಿ ಎತ್ತಿ ಲಿಲ್ಲಿ ಬಾಯಿಯನ್ನು ಹೊರಗೆ ತಂದರು. ಅಷ್ಟರಲ್ಲಿ ಆಚೆ ದಡದಿಂದ ಜಗ್ಗಣ್ಣ ಹೊಯಿಗೆ, ಎಂದರೆ ಮರಳು, ತುಂಬುವ ಒಂದು ದೋಣಿ ಹಿಡಿದು ಬಂದಿದ್ದರು. ಬಂದವರು ಒಂದು ಮಾತೂ ಕೇಳದೆ ಲಿಲ್ಲಿ ಬಾಯಿಯನ್ನು ಎತ್ತಿಕೊಂಡರು. ಆಚೆ ದಡದಲ್ಲಿ ತಮ್ಮ ಬಸ್ಸಿನಲ್ಲಿದ್ದವರನ್ನೆಲ್ಲ ಇಳಿಸಿ, ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ, ಮಣಿಪಾಲಕ್ಕೆ ಬಿಟ್ಟರು. ಅಮ್ಮ ಜೊತೆಗೆ ಹೋದರು. ಬಸ್ಸು ಎಲ್ಲಿಯೂ ನಿಲ್ಲಲಿಲ್ಲವೆಂದೂ, ಆದರೂ ಜೀವ ಕುದ್ರುವಿನಲ್ಲೇ ಹೋಗಿತ್ತೆಂದೂ ಅಮ್ಮ ಹೇಳಿದ್ದು.

ಕಡವು ನಿಂತಿತು. ಎರಡು ವಾರದ ಮೇಲೆ ತಹಶೀಲ್ದಾರರು ವಿಚಾರಣೆಗೆ ಬರುತ್ತಾರೆಂದಾಯಿತು. ತಪ್ಪು ದೋಣಿಯವನದ್ದೆಂದು ಬರೆದರೆ ಸಂಜೀವಣ್ಣನಿಗೆ ಕಡವು ಹೋಗುತ್ತದೆ, ಜೈಲೂ ಆಗಬಹುದು ಎಂದರು. ಅವರ ಹೆಂಡತಿ ಕುಸುಮಕ್ಕ ನಮ್ಮ ಜಗಲಿಗೆ ಬಂದು, "ಈ ಗಳ ಬಿಟ್ಟರೆ ಅವರಿಗೆ ಬೇರೆ ಎಂತ ಗೊತ್ತುಂಟು?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಬೀಡಿಯ ಎಲೆ ಸರಿಸಿ ಅವರಿಗೆ ಕೂರಲು ಜಾಗ ಮಾಡಿದರು.

ಕುದ್ರುವಿನವರು ಕಷ್ಟಕ್ಕೆ ಸಿಕ್ಕಿದ್ದರು. ಮಾಸ್ಟ್ರಿಗಾಗಿ ಎದ್ದೆವು ಎಂದರೆ ಮಾಸ್ಟ್ರ ಹೆಸರು ಕೆಡುತ್ತದೆ. ಏಳಲಿಲ್ಲ ಎಂದರೆ ಸಂಜೀವಣ್ಣ ಸಿಕ್ಕಿಬೀಳುತ್ತಾರೆ. ಒಬ್ಬೊಬ್ಬರೂ "ದೋಣಿ ಒಮ್ಮೆಲೇ ವಾಲಿತು" ಎಂದಷ್ಟೇ ಹೇಳುವುದೆಂದು ಮಾತಾಡಿಕೊಂಡರು.

ವಿಚಾರಣೆ ನಡೆದದ್ದು ಆಚೆ ದಡದ ಶಾಲೆಯಲ್ಲಿ, ಮಾಸ್ಟ್ರು ಕಲಿಸಿದ ಕೋಣೆಯಲ್ಲಿಯೇ. ಅವರು ಹೊಸ ಕನ್ನಡಕ ಹಾಕಿದ್ದರು. ನಿಂತುಕೊಂಡೇ ಹೇಳಿದರು: "ದೋಣಿಯಲ್ಲಿ ಹದಿನೆಂಟು ಜನರಿದ್ದರು. ಫಲಕದಲ್ಲಿ ಹನ್ನೆರಡು ಎಂದಿದೆ. ನಾನು ಕಾಲಿಟ್ಟಾಗ ದೋಣಿ ವಾಲಿತು." ಒಂದೊಂದು ಮಾತೂ ನಿಜ. ಸಂಜೀವಣ್ಣ ತಲೆ ತಗ್ಗಿಸಿದರು.

ಆಮೇಲೆ ಜಗ್ಗಣ್ಣ ಎದ್ದರು.

"ಸರ್, ನಾನು ಆಚೆ ದಡದಲ್ಲಿ ಬಸ್ಸಿನ ಹತ್ತಿರ ಇದ್ದೆ. ದೊಡ್ಡ ಮರದ ದಿಮ್ಮಿ ಒಂದು ತೇಲಿಕೊಂಡು ಬಂತು. ಅಡಿಯಿಂದ ಹೊಡೀತು. ಸಂಜೀವ ಎಂತ ಮಾಡ್ತಾನೆ? ದೇವರೇ ಬಂದು ಗಳ ಹಿಡಿದರೂ ಆಗ್ತಿರಲಿಲ್ಲ."

"ಆ ದಿಮ್ಮಿ ಈಗ ಎಲ್ಲಿದೆ?" ಎಂದರು ತಹಶೀಲ್ದಾರರು.

"ಸಮುದ್ರಕ್ಕೆ ಹೋಯ್ತು ಸರ್. ನೀವು ಬರುವವರೆಗೆ ಕಾಯ್ತದಾ ಅದು?"

ಕೋಣೆಯಲ್ಲಿ ಕೆಲವರು ಬಾಯಿಗೆ ಕೈ ಅಡ್ಡ ಹಿಡಿದರು. ದಿಮ್ಮಿ ಬಂದಿರಲಿಲ್ಲ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು.

ಹಿಂಬದಿಯಲ್ಲಿ ಕೂತಿದ್ದವಳೆಂದು ನನ್ನನ್ನೂ ಕರೆದರು. "ಮಗು, ನೀನು ದಿಮ್ಮಿ ನೋಡಿದೆಯಾ?"

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ನೆಲ ನೋಡುತ್ತಿದ್ದರು. "ನಾವು ಎದ್ದು ನಿಂತೆವು," ಎಂದೆ.

"ಯಾಕೆ?"

"ಮಾಸ್ಟ್ರು ಬಂದ್ರಲ್ವಾ."

ಮಾಸ್ಟ್ರು ಥಟ್ಟನೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಕೋಪವಿರಲಿಲ್ಲ. ಅವರು ಯಾವುದೋ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡುತ್ತಿರುವ ಹಾಗೆ ಕಂಡರು.

"ದಿಮ್ಮಿ ನೋಡಿದೆಯಾ ಇಲ್ಲವಾ, ಅಷ್ಟು ಹೇಳು," ಎಂದರು ತಹಶೀಲ್ದಾರರು.

"ನಾನು ಆ ಕಡೆ ನೋಡ್ಲಿಲ್ಲ," ಎಂದೆ. ಅದು ಸುಳ್ಳಲ್ಲ. ಎದುರಿನ ದಡದ ಕಡೆ ನಾನು ನೋಡಿರಲಿಲ್ಲ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ಎದ್ದು ನಿಂತ ಮಾತನ್ನು ಬರೆದುಕೊಳ್ಳಲಿಲ್ಲ. ಬಾಲಕಿ ದಿಮ್ಮಿಯನ್ನು ಗಮನಿಸಿಲ್ಲ ಎಂದು ಬರೆದುಕೊಂಡರು.

ಮರುದಿನ ಬೆಳಿಗ್ಗೆ ಮಾಸ್ಟ್ರು ಯಾರದೋ ಸಣ್ಣ ದೋಣಿಯಲ್ಲಿ ಒಬ್ಬರೇ ಕುದ್ರುವಿಗೆ, ಸಂಜೀವಣ್ಣನ ಅಂಗಳಕ್ಕೆ ಬಂದರು. ನಾನು ಬೇಲಿಯ ಈಚೆ ಕೂತು ಮರುವಾಯಿ ತೊಳೆಯುತ್ತಿದ್ದೆ. ಇದು ನಾನು ಕಿವಿಯಾರೆ ಕೇಳಿದ್ದು.

"ಸಂಜೀವಾ, ಆ ಹುಡುಗಿ ಹೇಳಿದ್ದು ನಿಜವಾ?"

"ನಿಜ ಸಾರ್."

"ನನಗಾಗಿ ಎದ್ದದ್ದಾ?"

"ಮತ್ತೆ ಯಾರಿಗೆ ಸಾರ್?"

"ಎಲ್ಲರೂ ಎದ್ದದ್ದು ನನಗೆ ಕಂಡಿತ್ತು," ಎಂದರು ಮಾಸ್ಟ್ರು. "ಅದು ಹೇಳಬೇಕಾದ ಒಂದು ಸಂಗತಿ ಅಂತ ತೋಚಲಿಲ್ಲ. ನಾನು ಹೋದಲ್ಲೆಲ್ಲ ಹಾಗೇ ಅಲ್ವಾ ಆಗುವುದು?"

ಮಾಸ್ಟ್ರೇ ಮುಂದುವರಿಸಿದರು:

"ಇವತ್ತೇ ತಹಶೀಲ್ದಾರರ ಹತ್ತಿರ ಹೋಗ್ತೇನೆ. ದಿಮ್ಮಿ ಬರಲಿಲ್ಲ, ನನ್ನಿಂದ ಆದದ್ದು ಅಂತ ಬರೆಸ್ತೇನೆ."

"ಬೇಡ ಸಾರ್." ಸಂಜೀವಣ್ಣನ ಧ್ವನಿ ಒಮ್ಮೆಲೇ ಏರಿತು. "ದಿಮ್ಮಿ ಇಲ್ಲ ಅಂದ್ರೆ ಜಗ್ಗಣ್ಣ ಹೇಳಿದ್ದು ಸುಳ್ಳಾಗ್ತದೆ. ಮತ್ತೆ ಉಳಿಯುವುದು ಹದಿನೆಂಟು ಜನ ಅಂತ ನೀವು ಬರೆಸಿದ್ದು ಮಾತ್ರ. ಆಗ ನಾನು ಉಳಿಯುವುದಿಲ್ಲ."

"ಹಾಗಾದ್ರೆ ಸ್ಪಷ್ಟ ಸುಳ್ಳೊಂದು ಸರಕಾರಿ ಕಾಗದದಲ್ಲಿ ನಿಲ್ಲಲಿ ಅಂತೀಯಾ?"

"ನಿಲ್ಲಲಿ ಸಾರ್. ನಿಮ್ಮ ಕಾಲು ಹಿಡೀತೇನೆ. ನೀವು ಇನ್ನು ಎಂತದೂ ಹೇಳ್ಬೇಡಿ. ಎಲ್ಲಿಯೂ."

ನನ್ನ ಕೈಯಲ್ಲಿದ್ದ ಚಿಪ್ಪುಗಳು ಸದ್ದು ಮಾಡದಂತೆ ಹಿಡಿದುಕೊಂಡಿದ್ದೆ. ಕೊನೆಗೆ "ಆಗಲಿ" ಎಂಬ ಒಂದು ಮಾತು ಕೇಳಿಸಿತು. ಆಮೇಲೆ ಅವರು ಕುಸುಮಕ್ಕನಿಂದ ನೀರು ಕೇಳಿ ಕುಡಿದರು. ಅಲ್ಲಿಂದ ಲಿಲ್ಲಿ ಬಾಯಿಯ ಮನೆಗೆ ಹೋದರು. ಅಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ.

ಅಪಘಾತಕ್ಕೆ ಮರದ ದಿಮ್ಮಿ ಕಾರಣವೆಂದು ವರದಿಯಾಯಿತು. ಸಂಜೀವಣ್ಣನಿಗೆ ಕಡವು ಮರಳಿ ಸಿಕ್ಕಿತು. ಅದೇ ವಾರ ಜಗ್ಗಣ್ಣನ ಜೀಪು ಆಚೆ ದಡದಲ್ಲಿ ಮೈಕು ಕಟ್ಟಿಕೊಂಡು ಓಡಾಡತೊಡಗಿತು. ಹೊಳೆಯ ಮೇಲಿನಿಂದ ಕುದ್ರುವಿಗೂ ಸ್ಪಷ್ಟವಾಗಿ ಕೇಳುತ್ತಿತ್ತು: ದೊಡ್ಡವರಿಗೆ ಹತ್ತು ನಿಮಿಷ ಕಾಯಲಿಕ್ಕೆ ಆಗದ್ದರಿಂದ ಒಂದು ಬಡ ಹೆಂಗಸಿನ ಜೀವ ಹೋಯಿತು, ಅಂಥವರಿಗೆ ಓಟು ಕೊಡುತ್ತೀರಾ?

ಮಾಸ್ಟ್ರ ಕಡೆಯವರು ಕುದಿದುಹೋದರು. ದಿಮ್ಮಿ ಎಂದು ಸಾಕ್ಷಿ ಹೇಳಿದವರು ನೀವೇ ಅಲ್ಲವೇ ಎಂದು ಒಂದು ಸಲ ಕೇಳಿದ್ದರೆ ಜಗ್ಗಣ್ಣನ ಬಾಯಿ ಕಟ್ಟುತ್ತಿತ್ತು. ಮಾಸ್ಟ್ರು ಕೇಳಲಿಲ್ಲ, ಕೇಳಲು ಯಾರನ್ನೂ ಬಿಡಲಿಲ್ಲ. ಆ ಮಾತು ಎತ್ತಿದರೆ ಕಡತ ಮತ್ತೆ ತೆರೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಸಂಜೀವಣ್ಣ ಕಾಪುವಿಗೆ ಹೋಗಿ ಜಗ್ಗಣ್ಣನನ್ನು ಕಂಡರಂತೆ. ಇದನ್ನು ಅವರು ನನಗೆ ಎಷ್ಟೋ ವರ್ಷಗಳ ನಂತರ ಹೇಳಿದ್ದು. "ಧಣಿ, ಹೀಗೆ ಹೇಳ್ಬಹುದಾ?" ಎಂದು ಕೇಳಿದ್ದಕ್ಕೆ ಜಗ್ಗಣ್ಣ ಅವರ ಹೆಗಲ ಮೇಲೆ ಕೈ ಹಾಕಿ, "ಅಲ್ಲಿ ನಿನಗೆ ಬೇಕಾದದ್ದು ಹೇಳಿದೆ. ಇಲ್ಲಿ ನನಗೆ ಬೇಕಾದದ್ದು ಹೇಳ್ತೇನೆ. ಸರಿ ಆಯ್ತಲ್ವಾ ಮಾರಾಯ?" ಎಂದರಂತೆ. ಊಟ ಹಾಕಿಸಿ ಕಳಿಸಿದರಂತೆ.

ಮಾಸ್ಟ್ರು ಸೋತರು. ಕುದ್ರುವಿನಲ್ಲೂ ಅವರಿಗೆ ಓಟು ಕಡಿಮೆ ಬಿತ್ತು. ಗೆರಟೆಯ ಮೈಕಿನ ಆಟವನ್ನು ನಾವು ಮಕ್ಕಳು ಮತ್ತೆ ಆಡಲಿಲ್ಲ. ಯಾರೂ ಬೇಡ ಎಂದಿರಲಿಲ್ಲ.

ಜಗ್ಗಣ್ಣ ಎರಡು ಸಲ ಶಾಸಕರಾಗಿದ್ದರು. ಹೇಳಿದಂತೆ ಸೇತುವೆ ಮಾಡಿಸಿದರು, ತಮ್ಮ ಮೊದಲ ಅವಧಿಯ ಕೊನೆಯ ವರ್ಷದಲ್ಲಿ. ಅದು ಆದ ಮೇಲೆ ಕುದ್ರುವಿನ ಹೆರಿಗೆಗಳು ಆಸ್ಪತ್ರೆಯಲ್ಲಾದವು, ಹೆಣ್ಣುಮಕ್ಕಳು ಕಾಲೇಜಿಗೆ ಹೋದರು, ನಾನೂ ಹೋದೆ. ಅದೇ ಸೇತುವೆಯ ಮೇಲೆ ಹಗಲಿಡೀ ಹೊಯಿಗೆಯ ಲಾರಿಗಳು ಓಡಿದವು. ಅವುಗಳಲ್ಲಿ ಕೆಲವು ಜಗ್ಗಣ್ಣನವೇ. ಮುಂದೆ ಅವರು ನಾಲ್ಕನೆಯ ಪಕ್ಷಕ್ಕೂ ಹೋದರು. ಸೇತುವೆಯಾದ ದಿನವೇ ಕಡವು ನಿಂತಿತು. ಯಾವುದನ್ನು ಉಳಿಸಲು ಒಬ್ಬರು ಸುಳ್ಳು ಹೇಳಿ ಇನ್ನೊಬ್ಬರು ಸುಮ್ಮನಿದ್ದರೋ ಅದು ಬದುಕಿದ್ದು ಅಷ್ಟೇ ವರ್ಷ. ಜಗ್ಗಣ್ಣ ಸಂಜೀವಣ್ಣನನ್ನು ಕರೆದು ತಮ್ಮ ಬಸ್ಸುಗಳ ಟೈಮು ಬರೆಯುವ ಕೆಲಸ ಕೊಟ್ಟರು.

ಮಾಸ್ಟ್ರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಹತ್ತನೆಯ ತರಗತಿಯಲ್ಲಿ ಫೇಲಾದ ಮಕ್ಕಳಿಗೆ ಬೆಳಿಗ್ಗೆ ಮನೆಯಲ್ಲಿ ಪಾಠ ಹೇಳಿದರು. ಅವರು ನಮ್ಮ ಹೈಸ್ಕೂಲಿಗೆ ಒಮ್ಮೆ ಬಂದಿದ್ದಾಗ ನಾನು ನೋಡಿದ್ದೇನೆ. ಬಾಗಿಲಿನ ಹೊರಗೇ ನಿಂತು "ಯಾರೂ ಏಳಬೇಡಿ" ಎಂದು ಗಟ್ಟಿಯಾಗಿ ಹೇಳಿ, ಒಳಗಿನ ಬೆಂಚುಗಳ ಸದ್ದು ಅಡಗಿದ ಮೇಲೆ ಒಳಗೆ ಬಂದರು. ಎಲ್ಲಿಗೆ ಹೋದರೂ ಹಾಗೆಯೇ ಮಾಡುತ್ತಿದ್ದರಂತೆ. ಅದನ್ನು ಸರಳತೆಯೆಂದು ಜನ ಹೊಗಳುತ್ತಿದ್ದರು. ಅವರು ತೀರಿಕೊಂಡಾಗ ಜಗ್ಗಣ್ಣ ಬಂದು ಅಂಗಳದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ, ಪತ್ರಿಕೆಯವರಿಗೆ ಒಂದು ಮಾತೂ ಹೇಳಲಿಲ್ಲ. ಈಗ ಅವರೂ ಇಲ್ಲ.

ಈ ವರ್ಷ ಸೇತುವೆಯನ್ನು ಅಗಲ ಮಾಡುತ್ತಿದ್ದಾರೆ. ಯಾರ ಹೆಸರಿಡಬೇಕೆಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ದಿನವೂ ಜಗಳ. ಒಬ್ಬರು ಪ್ರಾಮಾಣಿಕತೆ ಎನ್ನುತ್ತಾರೆ, ಇನ್ನೊಬ್ಬರು ಕೆಲಸ ಎನ್ನುತ್ತಾರೆ. ಈಗಿನವರು ಕೇಳಿರುವುದು ವರದಿಯಲ್ಲಿದ್ದದ್ದನ್ನು ಮಾತ್ರ; ದಿಮ್ಮಿಯ ಕತೆಯನ್ನು ಎರಡೂ ಕಡೆಯವರು ನಂಬಿದ್ದಾರೆ. ಹಾಗಾಗಿ ಜಗ್ಗಣ್ಣ ಆಗ ಮೈಕಿನಲ್ಲಿ ಹೇಳಿದ್ದು ಕೊಳಕು ಸುಳ್ಳೆಂದು ಮಾಸ್ಟ್ರ ಕಡೆಯವರು, ಮಾಸ್ಟ್ರು ಉತ್ತರ ಕೊಡದಿದ್ದುದು ಹೇಡಿತನವೆಂದು ಜಗ್ಗಣ್ಣನ ಕಡೆಯವರು ಬರೆಯುತ್ತಾರೆ.

ಕುದ್ರುವಿನ ಇಬ್ಬರು ಯುವಕರು ಹೆಸರಿನ ಅರ್ಜಿಗೆ ಸಹಿ ಕೇಳಲು ಕಾರ್ಕಳದ ನನ್ನ ಮನೆಗೆ ಬಂದರು. "ಮೇಡಂ, ನೀವು ಇಬ್ಬರನ್ನೂ ನೋಡಿದವರು. ಯಾರು ದೊಡ್ಡವರು, ಹೇಳಿ," ಎಂದ ಒಬ್ಬ.

ಸಂಜೀವಣ್ಣ ಈ ಬೇಸಗೆಯಲ್ಲಿ ತೀರಿಕೊಂಡರು. "ನಾನಿರುವಷ್ಟು ದಿನ ಆ ದಿಮ್ಮಿ ಇರಲಿ ವನಜಾ, ಮತ್ತೆ ನೀನು ಏನು ಬೇಕಾದ್ರೂ ಮಾಡು," ಎಂದು ನನಗೆ ಹೇಳಿದ್ದರು. ಇನ್ನು ಯಾರ ದೋಣಿಯೂ ಕೈತಪ್ಪುವುದಿಲ್ಲ. ಆದ್ದರಿಂದ ಆ ಯುವಕರಿಗೆ ಎಲ್ಲವನ್ನೂ ಹೇಳಿದೆ. ಯಾರು ದೊಡ್ಡವರೆಂದು ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ದೋಣಿಯವನೊಬ್ಬನಿಗಾಗಿ ಒಬ್ಬರು ಸುಳ್ಳು ಹೇಳಿದರು, ಇನ್ನೊಬ್ಬರು ಸತ್ಯವನ್ನು ನುಂಗಿ ಸೋತರು. ಇಬ್ಬರಿಗೂ ಅವನ ಹೆಸರು, ಮನೆ, ಹೆಂಡತಿಯ ಹೆಸರು ಗೊತ್ತಿತ್ತು. ಈಗಿನವರು ಯಾರಿಗಾಗಿ ಹಾಗೆ ಮಾಡಿಯಾರು ಎಂದು ಯೋಚಿಸಿದರೆ ನನಗೆ ಒಂದು ಹೆಸರೂ ಹೊಳೆಯುವುದಿಲ್ಲ.

ಮೊದಲು ಎದ್ದವಳು ನಾನು ಎಂಬುದನ್ನೂ ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಇದನ್ನು ಗುಂಪಿನಲ್ಲಿ ಹಾಕಿದ್ರೆ ಎರಡೂ ಕಡೆಯವರು ಸೇರಿ ನಮ್ಮನ್ನು ಬೈತಾರೆ ಮೇಡಂ," ಎಂದ ಒಬ್ಬ. ಇನ್ನೊಬ್ಬ, "ಆ ಹೆಂಗಸಿನ ಹೆಸರಲ್ಲಿ ಅಲ್ಲಿ ಒಂದು ಕಲ್ಲಾದರೂ ಹಾಕುವ. ಜಾಗ ತೋರಿಸ್ತೀರಾ?" ಎಂದ. ತೋರಿಸುತ್ತೇನೆ ಎಂದೆ.

ಮುಂದಿನ ಭಾನುವಾರ ಅವನ ಜೊತೆ ಹೋದೆ. ಸೇತುವೆ ದಾಟಲು ಒಂದು ನಿಮಿಷವೂ ಬೇಕಾಗಲಿಲ್ಲ. ಕುದ್ರುವಿನ ದಡಕ್ಕೆ ಇಳಿದೆವು. ಸಿಪ್ಪೆಯ ಹೊಂಡಗಳು ಮುಚ್ಚಿ ಎಷ್ಟೋ ಕಾಲವಾಗಿದೆ, ಯಾವ ವಾಸನೆಯೂ ಇಲ್ಲ. ಹೊಯಿಗೆ ತೆಗೆದು ತೆಗೆದು ದಡ ಒಳಕ್ಕೆ ಸರಿದಿದೆ. ಫಲಕದ ಕಂಬವಿದ್ದ ನೆಲವೇ ಹೊಳೆಗೆ ಹೋಗಿದೆ. ಕಡವಿಗೆ ಇಳಿಯುತ್ತಿದ್ದ ದಾರಿಯ ಮೇಲೆ ಸೇತುವೆಯ ಮಣ್ಣು ಬಿದ್ದಿದೆ. ನಾನು ಚಪ್ಪಲಿ ಬಿಟ್ಟು ಕಾಲಿನ ಗಂಟಿನವರೆಗೆ ನೀರಿಗಿಳಿದು, ಎದುರಿನ ದಡ ನೋಡಿ, ಸೇತುವೆಯ ಕಂಬ ನೋಡಿ, ಎಡಕ್ಕೆ ಸರಿದೆ, ಮತ್ತೆ ಬಲಕ್ಕೆ ಸರಿದೆ.

"ಅಂದಾಜಿಗೆ ಹೇಳಿ ಮೇಡಂ, ಸಾಕು," ಎಂದ ಹುಡುಗ.

ನೀರು ಎಲ್ಲ ಕಡೆಯೂ ಒಂದೇ ಥರ ಇತ್ತು. ಎಷ್ಟು ಹೊತ್ತು ನಿಂತರೂ, ಲಿಲ್ಲಿ ಬಾಯಿ ಕೂತಿದ್ದದ್ದು ಇಲ್ಲೇ ಎಂದು ಕೈ ತೋರಿಸಲು ನನ್ನಿಂದ ಆಗಲಿಲ್ಲ.